ಊರಿನ ಅಂಚಿನಲ್ಲೇ ನಿಲ್ಲುವ ನಕ್ಷೆ
ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು 1980ರ ದಶಕದ್ದು. ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ. ನಲವತ್ತು ತಿಂಗಳಲ್ಲಿ ಮುಗಿಸುತ್ತೇವೆ ಎಂದಿದ್ದರು. 2025ರ ಅಕ್ಟೋಬರ್ ಕಳೆದರೂ ಒಂದು ರೈಲೂ ಓಡಲಿಲ್ಲ. ಈ ವಿಳಂಬ ನೋವಿನದೇ, ಆದರೆ ನನ್ನನ್ನು ಹೆಚ್ಚು ಕಾಡುವುದು ಒಪ್ಪಿಗೆ ಪಡೆದ ಆ ನಕ್ಷೆ ಕೊನೆಗೊಳ್ಳುವ ಜಾಗಗಳು: ಕೆಂಗೇರಿ, ಚಿಕ್ಕಬಾಣಾವರ, ಹೀಲಲಿಗೆ, ವೈಟ್‌ಫೀಲ್ಡ್. ತುಮಕೂರು, ರಾಮನಗರ, ಬಂಗಾರಪೇಟೆಗಳಿಂದ ನಸುಕಿನಲ್ಲೇ ಹೊರಟು, ಪ್ಯಾಸೆಂಜರ್ ರೈಲಿನಲ್ಲಿ ನಿಂತೇ ಬಂದು ದುಡಿದು ಹೋಗುವವರು ಅದರಾಚೆ ಉಳಿದರು. ಈ ನಗರಕ್ಕೆ ಕೆಲಸಗಾರರನ್ನು ಕೊಡುವ ಊರುಗಳನ್ನು ಬಿಟ್ಟು ಮಾಡಿದ್ದನ್ನು ದೂರದೃಷ್ಟಿಯ ಯೋಜನೆ ಎನ್ನಲು ನನಗೆ ಮನಸ್ಸು ಬಾರದು. ಹಳಿ ಹಾಕುವುದು ತಡವಾಗಬಹುದು, ಜಾಗ ಕಾಯ್ದಿಡುವುದು ತಡವಾಗಬಾರದು: ಇವತ್ತು ಹೊಲವಾಗಿರುವುದು ಹತ್ತು ವರ್ಷದಲ್ಲಿ ಬಡಾವಣೆಯಾಗುತ್ತದೆ, ಆಮೇಲೆ ಪರಿಹಾರದ ಹಣವೇ ಯೋಜನೆಯನ್ನು ನುಂಗುತ್ತದೆ. ಮೆಟ್ರೊ, ಬಸ್ಸು, ರೈಲುಗಳನ್ನು ಒಟ್ಟಿಗೆ ನೋಡಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಬಂತು. ಆ ಪ್ರಾಧಿಕಾರಕ್ಕೆ ಸ್ವಂತ ಹಣ, ಪೂರ್ಣಾವಧಿ ತಜ್ಞರು, ಸರ್ಕಾರ ಬದಲಾದರೂ ಬದಲಾಗದ ಮೂವತ್ತು ವರ್ಷದ ನಕ್ಷೆ ಬೇಕು. ಆ ನಕ್ಷೆಯಲ್ಲಿ ತುಮಕೂರಿನ ಹೆಸರೂ ಇರಬೇಕು, ಅಲ್ಲಿ ರೈಲು ಇಳಿದವರನ್ನು ಹಳ್ಳಿಗೆ ಮುಟ್ಟಿಸುವ ರಾತ್ರಿಯ ಕೊನೆಯ ಬಸ್ಸೂ ಇರಬೇಕು.