ನಮ್ಮ ಮನೆಗಳ ಲೆಕ್ಕ ಬರೆಯುವವರು ಯಾರು?

ಹೈದರಾಬಾದಿನಲ್ಲಿರುವ ನಮ್ಮನ್ನು ಎಲ್ಲರೂ ‘ಹೊರನಾಡ ಕನ್ನಡಿಗರು’ ಅಂತಾರೆ. ಸಭೆಗಳಲ್ಲಿ ನಾವೂ ಹಾಗೇ ಹೇಳಿಕೊಳ್ಳುತ್ತೇವೆ. ನಮ್ಮಲ್ಲಿ ಎಷ್ಟೋ ಮನೆಗಳ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ.

ಬೀದರ, ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು ಈ ಮೂರೂ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ ಇದ್ದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಶುರುವಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಓದು, ನೌಕರಿ, ಕೋರ್ಟು, ವ್ಯಾಪಾರ ಅಂತ ಆ ಕಡೆಯ ಮಂದಿ ಇಲ್ಲಿಗೆ ಬಂದರು. ಅವರು ಪರನಾಡಿಗೆ ಬಂದವರಲ್ಲ, ತಮ್ಮದೇ ರಾಜಧಾನಿಗೆ ಬಂದವರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಆ ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ಕೊಡಂಗಲ್, ತಾಂಡೂರು, ಗದ್ವಾಲ, ಆಲಂಪುರ ಆಂಧ್ರಪ್ರದೇಶಕ್ಕೆ ಬಂದವು. ಕಾಚಿಗುಡದಲ್ಲಿ ಇದ್ದವರು ಮನೆ ಬದಲಿಸದೆಯೇ, ಒಂದೇ ರಾತ್ರಿಯಲ್ಲಿ ಹೊರನಾಡಿನವರಾದರು!

ಆಗ ಯಾರು ಇಲ್ಲೇ ಉಳಿದರು, ಯಾರು ಗಂಟು ಕಟ್ಟಿಕೊಂಡು ಹೋದರು, ಯಾಕೆ? ನಾನು ನೋಡಿದ ಸ್ಮರಣ ಸಂಚಿಕೆಗಳಲ್ಲಿ ಇದಕ್ಕೆ ಉತ್ತರವಿಲ್ಲ. ಅಧ್ಯಕ್ಷರ ಫೋಟೋ ಇದೆ, ದಾನಿಗಳ ಪಟ್ಟಿ ಇದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿ ಬೆಳೆಸಿದವರ ಋಣ ದೊಡ್ಡದು, ಒಪ್ಪುತ್ತೇನೆ. ಆದರೆ ಆ ಶಾಲೆಗೆ ಮಕ್ಕಳನ್ನು ಕಳಿಸಿದ ತಾಯಂದಿರ ಒಂದು ಸಾಲೂ ಬೇಡವೆ?

ನಾನು ಕಾಮರ್ಸ್ ವಿದ್ಯಾರ್ಥಿ. ನಮ್ಮ ಮುತ್ಯಾ ಅವರ ತಂದೆಯ ಒಂದು ಖರ್ಚಿನ ವಹಿ ಮನೆಯಲ್ಲಿದೆ. ಹೆಸರುಗಳು ಕನ್ನಡದಲ್ಲಿ, ಅಂಕಿಗಳು ಉರ್ದುವಿನಲ್ಲಿ. ಹಣವೆಲ್ಲ ಹಾಲಿ ಸಿಕ್ಕ, ಅಂದರೆ ನಿಜಾಮರ ರೂಪಾಯಿ. 1950ರಲ್ಲಿ ಅಂಥ 7 ರೂಪಾಯಿಗೆ ಭಾರತದ 6 ರೂಪಾಯಿ. ಜೋಳ ಎಷ್ಟು, ಬಾಡಿಗೆ ಎಷ್ಟು, ಊರಿಗೆ ಕಳಿಸಿದ್ದು ಎಷ್ಟು, ಎಲ್ಲಾ ಇದೆ. ಒಂದು ಸಂಸಾರ ಎರಡು ಊರಿನಲ್ಲಿ ಹೇಗೆ ಬದುಕಿತು ಅಂತ ಆ ವಹಿ ಹೇಳಿದಷ್ಟು ಯಾವ ಭಾಷಣವೂ ಹೇಳಲಿಲ್ಲ.

‘ಇದೇನು ಇತಿಹಾಸವೇನ್ರೀ, ಮನೆ ಮಾತು’ ಎಂದು ಕೆಲವರು ನಗಬಹುದು. ನಗಲಿ. ಮನೆ ಮಾತನ್ನು ಬಿಟ್ಟರೆ ಊರಿನ ಮಾತು ಎಲ್ಲಿಂದ ಬರಬೇಕು? ಹಾಗಂತ ಇದು ಬರೀ ಹೊಗಳಿಕೆಯ ಪುಸ್ತಕವಾಗಬಾರದು. ರಜಾಕಾರರ ಕಾಲದ ಭಯವನ್ನು ಬರೆಯಬೇಕು; 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮನೆಗಳು ಅನುಭವಿಸಿದ್ದನ್ನೂ ಬರೆಯಬೇಕು. ಯಾವ ಜಾತಿಯವರಿಗೆ ಯಾವ ಓಣಿಯಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ ಎಂಬುದನ್ನೂ ಕೇಳಬೇಕು. ಜಮೆ ಮಾತ್ರ ಬರೆದು ಖರ್ಚು ಮುಚ್ಚಿಟ್ಟರೆ ಅದು ಲೆಕ್ಕವೇ ಅಲ್ಲ.

ಗೆಳೆಯರೆ, ಹೊತ್ತು ಬಹಳ ಇಲ್ಲ. 1956ರಲ್ಲಿ ನಮ್ಮ ವಯಸ್ಸಿನವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಅವರ ಮೊಮ್ಮಕ್ಕಳು ಎಷ್ಟೋ ಜನ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಓದಲು ಬರುವುದಿಲ್ಲ. ಆ ವಹಿ, ಆ ಕಾಗದಪತ್ರ ನಾಳೆ ಅವರ ಕೈಗೆ ಸಿಕ್ಕರೆ ರದ್ದಿಗೇ ಹೋಗುವುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾವು ನಾಲ್ಕು ಮಂದಿ ಇರುವಾಗಲೇ ಈ ಕೆಲಸ ಆಗಬೇಕು.

ನನ್ನ ಸೂಚನೆ ಇಷ್ಟೆ. ನಮ್ಮ ಸಂಘದ ಪ್ರತಿಯೊಬ್ಬರೂ ಒಂದೊಂದು ಮನೆಗೆ ಹೋಗಿ, ಹಿರಿಯರ ಹತ್ತಿರ ಕೂತು, ಐದು ಪ್ರಶ್ನೆ ಕೇಳೋಣ: ಯಾವ ಊರಿನಿಂದ ಬಂದಿರಿ? ಯಾವಾಗ? ಯಾಕೆ? ಯಾವ ಭಾಷೆಯಲ್ಲಿ ಓದಿದಿರಿ? 1956ರಲ್ಲಿ ಯಾಕೆ ಉಳಿದಿರಿ? ಅಜ್ಜನನ್ನು ಕೇಳಿದ ಮೇಲೆ ಅಜ್ಜಿಯನ್ನೂ ಬೇರೆಯಾಗಿ ಕೇಳೋಣ, ಯಾಕಂದ್ರೆ ಉತ್ತರ ಬೇರೆ ಇರುತ್ತದೆ. ಒಂದು ಮನೆಗೆ ಒಂದು ಪುಟ ಸಾಕು. ಈ ಪತ್ರಿಕೆಯಲ್ಲಿ ಅದಕ್ಕೆ ಜಾಗ ಕೊಡಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. ಅದಕ್ಕಾಗಿ ಒಂದೆರಡು ಪ್ರೇಮ ಕವನ ಕಡಿಮೆಯಾದರೂ ಪರವಾಗಿಲ್ಲ.