ಬಂದವ್ರ ಮುಂದ ಮನಿಯವ್ರನ್ನ ನಗೆಪಾಟಲು ಮಾಡಬ್ಯಾಡ್ರಿ

ಬ್ಯಾಸಗಿ ಬಂತಂದ್ರ ನಮ್ಮ ರಾಯಚೂರಾಗ ಹನ್ನೊಂದರ ಮ್ಯಾಲ ಹೊರಗ ಕಾಲಿಡಾಕ ಆಗಂಗಿಲ್ಲ. ಹಂಗಾಗಿ ಮಧ್ಯಾಹ್ನ ಊಟ ಆದಮ್ಯಾಲ ಕುಂತು ಮಾಡೋ ಕೆಲಸ ಎಲ್ಲಾ ತಕ್ಕೊಂಡು ಕೂಡೋದು. ಮೊನ್ನೆ ಹುಣಸೀಹಣ್ಣು ಬಿಡಸಾಕ ಕುಂತಿದ್ವಿ. ನಾನು, ಸೊಸಿ, ಮತ್ತ ಮಾನ್ವಿಯಿಂದ ರಜಾಕ್ಕ ಬಂದಿದ್ದ ನಮ್ಮಣ್ಣನ ಮಗಳು. ಆಕೀ ನಾಕು ವರ್ಷದ ಕೂಸು ಹುಣಸೀಬೀಜ ಆರಿಸಿ ಗುಂಪು ಹಾಕ್ಕೋಂತ ಕುಂತಿತ್ತು. ಸೊಸಿ ಮೊಬೈಲನ್ನ ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಹಳೇ 'ಮಜಾ ಟಾಕೀಸ್' ಹಚ್ಚಿದ್ಲು.

ನಕ್ಕೀವಿ ನೋಡ್ರಿ, ಹೊಟ್ಟಿ ಹಿಡಕೊಂಡು ನಕ್ಕೀವಿ. ಸುಳ್ಳು ಯಾಕ ಹೇಳ್ಲಿ.

2015ರ ಫೆಬ್ರವರಿಯಾಗ ಈ ಕಾರ್ಯಕ್ರಮ ಶುರುವಾದಾಗ ಅದು ಇನ್ನಾ ಈಟಿವಿ ಕನ್ನಡ. ಅದೇ ವರ್ಷ ಬ್ಯಾಸಗ್ಯಾಗ ಚಾನಲ್ಲಿನ ಹೆಸರು ಕಲರ್ಸ್ ಕನ್ನಡ ಅಂತ ಆತು. ಸೃಜನ್ ಲೋಕೇಶ್ ಮನಿ ಯಜಮಾನ, ಶ್ವೇತಾ ಚೆಂಗಪ್ಪ ಆತನ ಹೆಂಡತಿ ರಾಣಿ, ಕುರಿ ಪ್ರತಾಪ ಇಲ್ಲದ ತಂಟೆ ತರಾಂವ, ಸೋಫಾದ ಮ್ಯಾಲ ಇಂದ್ರಜಿತ್ ಲಂಕೇಶ್. ವಾರದ ಕೊನೀಗೆ ಆ ಮನಿಗೆ ಒಬ್ಬರಲ್ಲ ಒಬ್ಬರು ಸಿನಿಮಾದವ್ರು ಬರೋರು. ಹೊಸಾ ಸಿನಿಮಾ ಬಿಡುಗಡೆ ಇರ್ತಿತ್ತು, ಅದರ ಮಾತಾಡಾಕ ಬರೋರು, ನಕ್ಕು ಹೋಗೋರು. ಶಕ್ತಿನಗರದಾಗ ಕರೆಂಟ್ ಮಾಡಿ ರಾಜ್ಯಕ್ಕೆಲ್ಲಾ ಕೊಡೋ ಜಿಲ್ಲಾ ನಮ್ಮದು, ಆದ್ರ ಅತಿಥಿ ಬಾಗಲದಾಗ ಕಾಲಿಡೋ ಹೊತ್ತಿಗೇ ನಮ್ಮ ಓಣ್ಯಾಗ ಕರೆಂಟ್ ಹೋಗ್ತಿತ್ತು. ಆಗ ಬೈಕೋಂತ ಕುಂತಿದ್ದು ಈಗ ನೆನೆಸಿಕೊಂಡ್ರ ಅದೂ ಒಂದು ನಗಿ.

ರಾಯಚೂರು ಮೂರು ಭಾಷಾದ ಊರು. ನಮ್ಮ ಓಣ್ಯಾಗ ಕನ್ನಡದವ್ರು 'ಮಜಾ ಟಾಕೀಸ್' ಹಚ್ಚಿದ್ರ, ತೆಲುಗಿನವ್ರ ಮನ್ಯಾಗ ಈಟಿವಿಯ 'ಜಬರ್ದಸ್ತ್', ಆಚಿ ಮನಿ ಆಪಾಜಾನರ ಟೀವ್ಯಾಗ ಹಿಂದಿ ಕಪಿಲ್ ಶರ್ಮಾ. 'ಜಬರ್ದಸ್ತ್', ಕಪಿಲನ 'ಕಾಮಿಡಿ ನೈಟ್ಸ್' ಎರಡೂ ಬಂದದ್ದು 2013ರಾಗ. ನಾನು ಮೂರೂ ನೋಡಿದಾಕಿ. ಭಾಷಾ ಬ್ಯಾರೆ ಬ್ಯಾರೆ ಇದ್ರೂ ಒಂದು ಸಂಗತಿ ಮೂರರಾಗೂ ಒಂದೇ. ಗಂಡ ಹೆಂಡತಿ ಮಾರಿ ಮ್ಯಾಲ, ಮೈ ಮ್ಯಾಲ, ಆಕೀ ತವರಮನಿ ಮ್ಯಾಲ ಮಾತು ಒಗೀತಾನ. ಕಪಿಲನ ಹೆಂಡತಿ ಪಾತ್ರ ಮಾಡಿದ ಸುಮೋನಾ ಚಕ್ರವರ್ತಿಯ ಬಾಯಿ ಬಗ್ಗೆ ಎಷ್ಟು ಜೋಕ್ ಮಾಡ್ಯಾರ ಅನ್ನೋದು ನೋಡಿದವ್ರಿಗೆ ಗೊತ್ತೈತಿ. ಇನ್ನ ಗಂಡಸರು ಸೀರಿ ಉಟ್ಟು ಬಂದ್ರಂತೂ ಅರ್ಧಾ ನಗಿ ಆ ಸೀರಿಗೇ.

ಇದನ್ನ ತಪ್ಪು ಅನ್ನಾಕ ನಾನು ಬರ್ಯಾಕತ್ತಿಲ್ಲ. ನಾನು ಬರ್ಯಾಕತ್ತಿದ್ದು ಹುಣಸೀಹಣ್ಣು ಬಿಡಸೋ ಹೊತ್ತಿನ್ಯಾಗ ನಮ್ಮಣ್ಣನ ಮಗಳು ಅಂದ ಒಂದು ಮಾತಿನ ಸಲುವಾಗಿ.

ಮೊಬೈಲ್‌ನ್ಯಾಗ ಯಾರೋ ರಾಣಿನ್ನ ಚಾಷ್ಟಿ ಮಾಡಿದ್ರು. ನಾವು ನಕ್ಕೀವಿ. ಆಕೀನೂ ನಕ್ಕಳು. ನಕ್ಕು ಆದಮ್ಯಾಲ ಕೈಯಾಗಿನ ಹುಣಸೀಹಣ್ಣು ನೋಡಿಕೋಂತ, ಸಿಟ್ಟಿಲ್ಲ ಏನಿಲ್ಲ, ಮೆಲ್ಲಕ ಅಂದ್ಲು: "ಅತ್ತಿ, ಆವತ್ತು ನೀನೂ ನಕ್ಕಿದ್ದಿ."

ನನಗ ಒಂದು ಗಳಿಗಿ ಯಾವತ್ತು ಅಂತ ತಿಳೀಲಿಲ್ಲ. ಆಮ್ಯಾಲ ತಿಳೀತು. ತಿಳದ ಮ್ಯಾಲ ಆ ಹಣ್ಣು ಬಿಡಸೋದು ನನ್ನ ಕೈಲೆ ಆಗಲಿಲ್ಲ.

ಅದು 2016ರ ಬ್ಯಾಸಗಿ. ಆಕೀ ಡಿಗ್ರಿ ಮುಗಿಸಿದ್ಲು. ದೇವದುರ್ಗದ ಕಡಿ ನಮ್ಮನಿಯವ್ರ ಬಳಗದಾಗ ಒಂದು ಹುಡುಗ ಇದ್ದ, ಹೊಲಮನಿ ಚಲೋ ಇತ್ತು. ಸಂಬಂಧ ತಂದಾಕಿ ನಾನೇ. ಗಬ್ಬೂರ ದಾಟಿ ರಾಯಚೂರಿಗೆ ಬಂದು, ನಮ್ಮನ್ನ ಕರಕೊಂಡು, ಕಲ್ಲೂರ ಮ್ಯಾಲ ಮಾನ್ವಿಗೆ ಹೋಗಿದ್ರು ಗಂಡಿನ ಕಡಿಯವ್ರು. ಏಳೆಂಟು ಮಂದಿ. ನಮ್ಮ ವೈನಿ ಬೆಳಗ್ಗೆ ಎದ್ದು ಒಗ್ಗರಣಿ ಮಂಡಕ್ಕಿ, ಮಿರ್ಚಿ ಎಲ್ಲಾ ಮಾಡಿಟ್ಟಿದ್ಲು.

ನಮ್ಮಣ್ಣ ಕೆಟ್ಟವನಲ್ಲ. ಮಗಳಂದ್ರ ಜೀವ. ಆದ್ರ ಮಂದಿ ಕೂಡಿದ್ರ ನಗಸಬೇಕು ಅನ್ನೋ ಚಟ. ಹಿಂದಿನ ರಾತ್ರಿ ಟೀವಿ ನೋಡಿದ್ದ. ಹುಡುಗಿ ಶರಬತ್ತಿನ ತಾಟು ಹಿಡಕೊಂಡು ಒಳಗಿಂದ ಬಂದ್ಲು. ಆತ ಅಂದ: "ಬಂದ್ಲು ನೋಡ್ರಿ ನಮ್ಮನಿ ರಾಣಿ! ಒಂದೀಟು ಸರದು ಕೂಡ್ರಿ, ಇಲ್ಲಾಂದ್ರ ಜಾಗ ಸಾಲಂಗಿಲ್ಲ."

ಎಲ್ಲಾರೂ ನಕ್ರು. ಹುಡುಗನ ಕಾಕಾ ಅಂತೂ ತೊಡಿ ಬಡಕೊಂಡು ನಕ್ಕ. ನಾನೂ ನಕ್ಕೆ. ಬಂದವ್ರು ನಗಾಕತ್ಯಾರ, ಮಾತು ಹಗೂರ ಆತು, ಕೆಲಸ ಆಕ್ಕೈತಿ ಅಂತ ಖುಷೀಲೆ ನಕ್ಕೆ. ಹುಡುಗಿ ತಾಟು ಇಟ್ಟು ಒಳಗ ಹೋದ್ಲು. ಆಕೀ ಮಾರಿ ನಾನು ನೋಡಲಿಲ್ಲ.

ಎಂಟು ದಿನಕ್ಕ ಹೇಳಿ ಕಳಿಸಿದ್ರು: "ಎಲ್ಲಾ ಚಲೋ ಐತ್ರಿ, ಹುಡುಗಿ ಒಂದೀಟು ದಪ್ಪ ಆದ್ಲು." ವೈನಿ ಅತ್ಲು, ಅಣ್ಣ ಅವ್ರನ್ನ ಬೈದ. ನಾನೂ ಬೈದೆ. ಆದ್ರ ಆ ಮಾತನ್ನ ಅವ್ರ ಬಾಯಾಗ ಇಟ್ಟೋರು ಯಾರು? ನಾವೇ. ಅವ್ರು ನೋಡೋದಕ್ಕಿಂತ ಮೊದ್ಲೇ, ಏನು ನೋಡಬೇಕು ಅಂತ ಅಪ್ಪನೇ ಬೆರಳು ಮಾಡಿ ತೋರಿಸಿದ. ಆಡಿಕೊಳ್ಳೋರ ಮುಂದ ಎಡವಿ ಬಿದ್ದಂಗ ಅಂತಾರಲ್ಲ, ಇಲ್ಲಿ ಎಡವಿದ್ದೂ ಅಲ್ಲ, ಅಪ್ಪನೇ ದಬ್ಬಿದ್ದು.

ಆಮ್ಯಾಲ ಆ ಹುಡುಗಿ ಎರಡು ವರ್ಷ ಯಾರ ಮದಿವ್ಯಾಗೂ ಪಂಕ್ತ್ಯಾಗ ಕುಂತು ಉಣ್ಣಲಿಲ್ಲ. "ಹಸಿವಿಲ್ಲ" ಅನ್ನೋಕಿ. ಫೋಟೋ ತೆಗಿಯೋ ಹೊತ್ತಿಗೆ ಯಾವುದರ ಕೂಸನ್ನ ಎತಗೊಂಡು ಹಿಂದ ಹೋಗಿ ನಿಲ್ಲೋಕಿ. ಈಕೀಗೆ ನಾಚಿಗಿ ಭಾಳ ಅಂತ ನಾವು ತಿಳಕೊಂಡಿದ್ವಿ. ಈಗ ಬಿ.ಎಡ್. ಮಾಡಿ ಸಾಲಿ ಕಲಸ್ತಾಳ, ಮದಿವಿ ಆಗ್ಯಾಳ, ಚಲೋ ಗಂಡ ಸಿಕ್ಕಾನ. ಆದ್ರ ಒಂಬತ್ತು ವರ್ಷ ಆ ನಗಿ ಆಕೀ ಕಿವ್ಯಾಗ ಹಂಗೇ ಐತಿ. ಅದ್ರಾಗ ನನ್ನ ದನಿ ಯಾವುದು ಅಂತಾನೂ ಆಕೀಗೆ ಗೊತ್ತೈತಿ.

ಈಗ ನಮ್ಮನಿಯವ್ರ ಮಾತು ಹೇಳ್ತೀನಿ. ಇದನ್ನ ರಾತ್ರಿ ಅವ್ರ ಮುಂದ ತಗದಾಗ ಅಂದ್ರು: "ಹಿಂಗ ಒಂದೊಂದು ಮಾತಿಗೂ ತಪ್ಪು ಹಿಡಕೋಂತ ಕುಂತ್ರ ಮನುಷ್ಯಾ ನಗೋದು ಯಾವಾಗ? ಟೀವ್ಯಾಗ ಆ ರಾಣಿ ಬ್ಯಾಸರ ಮಾಡ್ಕೊಂಡಳೇನು?"

ಅವ್ರ ಮಾತಿನ್ಯಾಗ ಖರೇ ಐತಿ. ನಗಿ ಬೇಕು. ನಮ್ಮತ್ತಿ ಹಾಸಿಗಿ ಹಿಡದಾಗ ವಾರಕ್ಕ ಒಂದು ತಾಸು ನಾನು ಮನುಷ್ಯಾಳಾಗಿ ಉಳದದ್ದು ಇಂಥಾ ಕಾರ್ಯಕ್ರಮದಿಂದ. ಆದ್ರ ಅವ್ರು ಕೇಳಿದ ಪ್ರಶ್ನೆದಾಗೇ ಉತ್ತರ ಐತಿ. ಟೀವ್ಯಾಗಿನ ರಾಣಿ ಪಾತ್ರ. ಮಾತು ಮೊದ್ಲೇ ಬರದಿರ್ತಾರ, ಆಕೀ ಓದಿ ಒಪ್ಪಿರ್ತಾಳ, ತಿರುಗಿ ಅನ್ನಾಕ ಆಕೀಗೂ ಮಾತು ಕೊಟ್ಟಿರ್ತಾರ, ಕೆಲಸಕ್ಕ ಪಗಾರ ಐತಿ. ಶೂಟಿಂಗ್ ಮುಗದ ಮ್ಯಾಲ ಸೀರಿ ಬದಲಿ ಮಾಡಿ ಶ್ವೇತಾ ಚೆಂಗಪ್ಪ ಆಗಿ ತನ್ನ ಮನಿಗೆ ಹೋಗ್ತಾಳ. ಶರಬತ್ತಿನ ತಾಟು ಹಿಡದು ನಿಂತ ಹುಡುಗೀಗೆ ಯಾರು ಮಾತು ಬರದು ಕೊಟ್ಟಿದ್ರು? ಆಕೀ ತಿರುಗಿ ಒಂದು ಮಾತು ಅಂದಿದ್ರ "ಹುಡುಗಿ ಬಾಯಿ ಜೋರು" ಅಂತಿದ್ರು. ಪಾತ್ರ ಕಳಚಿಟ್ಟು ಹೋಗಾಕ ಆಕೀಗೆ ಬ್ಯಾರೆ ಮನಿನೂ ಇರಲಿಲ್ಲ.

ಅತಿಥಿಗಳ ಲೆಕ್ಕಾನೂ ಹಂಗೇ. ಟೀವಿಗೆ ಬಂದ ಅತಿಥಿ ನಗಾಕೇ ಬಂದಿರ್ತಾನ, ತಾಸು ಕುಂತು ಹೋಗ್ತಾನ. ನಮ್ಮನಿಗೆ ಬಂದವ್ರು ಉಂಡು ಹೋಗೂಮುಂದ ಎಲಿ ಅಡಿಕಿ ಜೋಡಿ ಆ ಮಾತೂ ಕಟಗೊಂಡು ಹೋಗ್ತಾರ. ಅದು ಗಬ್ಬೂರ ದಾಟಿ ದೇವದುರ್ಗ ಮುಟ್ಟೂದ್ರಾಗ ಎರಡರಷ್ಟಾಗಿರ್ತೈತಿ.

ಹಂಗಂತ ನಗಸೋದು ಬಿಡ್ರಿ ಅಂತಲ್ಲ. ನಗಸೋ ದಾರಿ ಇನ್ನೊಂದು ಐತಿ, ಅದನ್ನೂ ನಾನು ಕಂಡಿದ್ದು ಆ 'ಮಜಾ ಟಾಕೀಸ್'ನ್ಯಾಗೇ. ಅಪರ್ಣಾ ಅವ್ರ ವರಲಕ್ಷ್ಮಿ ನೆನಪೈತಲ್ಲ? ಅಪರ್ಣಾ ಅಂದ್ರ ನಮಗ ದೂರದರ್ಶನದ ಅಪರ್ಣಾ. ಪುಟ್ಟಣ್ಣ ಕಣಗಾಲ್ ಅವ್ರ ಕಡೀ ಸಿನಿಮಾ 'ಮಸಣದ ಹೂವು'ದಾಗ ಮಾಡಿದಾಕಿ. ಬೆಂಗಳೂರು ಮೆಟ್ರೋದಾಗ ಮುಂದಿನ ನಿಲ್ದಾಣ ಹೇಳೋ ದನಿ. ಒಂದು ಅಕ್ಷರ ಆಚಿಗೀಚಿಗೆ ಆಗದಂಥಾ ಕನ್ನಡ. ಅಂಥಾಕಿ, ತನ್ನ ಬಗ್ಗೆ ತಾನೇ ಬಡಾಯಿ ಕೊಚ್ಚಿಕೊಳ್ಳೋ ಹೆಂಗಸಾಗಿ ಬಂದು, ತನ್ನ ಗಾಂಭೀರ್ಯಾನೇ ಒತ್ತಿ ಇಟ್ಟು ನಗಿಸಿದ್ಲು. ಯಾರ ಮೈಯೂ ಬೇಕಾಗಲಿಲ್ಲ, ಯಾರ ಬಣ್ಣಾನೂ ಬೇಕಾಗಲಿಲ್ಲ. 2024ರ ಜುಲೈ 11ಕ್ಕ ತೀರಿಕೊಂಡ್ರಂತ ಟೀವ್ಯಾಗ ಬಂದಾಗ ನಮ್ಮನ್ಯಾಗ ಎಲ್ಲಾರ ಬಾಯಾಗ ಬಂದಿದ್ದು "ಅಯ್ಯೋ, ವರಲಕ್ಷ್ಮಿ!" ಅಂತ. ತನ್ನ ಮ್ಯಾಲ ತಾನು ನಗಿಸಿದಾಕೀಗೆ ಮಂದಿ ಅಳ್ತಾರ.

ಜೀ ಕನ್ನಡದ 'ಕಾಮಿಡಿ ಕಿಲಾಡಿಗಳು'ದಾಗ ಬೆಳಗಾವಿ ಕಡಿಯ ಸಂಜು ಬಸಯ್ಯ ತನ್ನ ಎತ್ತರದ ಮ್ಯಾಲ ತಾನೇ ಮಾತಾಡಿ ನಗಸ್ತಾನ. ಅದು ಆತನ ಮಾತು, ಆತನ ಹಕ್ಕು. ಅದೇ ಮಾತನ್ನ ಓಣಿ ಹುಡುಗ್ರು ಗಿಡ್ಡ ಇರೋ ಹುಡುಗಗ ಅಂದ್ರ ನಗಿ ಅಲ್ಲ, ಹಿಂಸಾ.

ನಮ್ಮ ಕಡಿ ಮಾತಿಗೂ ಇದೇ ಲೆಕ್ಕ. ಬೆಂಗಳೂರಿನ ಕಾಮಿಡಿಯೊಳಗ ಭಾಳ ಸಲ "ಯಾಕಲೇ" ಅಂದ್ರ ಸಾಕು, ನಗಿ. ಹಾಸ್ಯಾ ಏನೂ ಇರಂಗಿಲ್ಲ, ನಮ್ಮ ಮಾತೇ ಹಾಸ್ಯಾ. ಆಗ ಮೈಯೆಲ್ಲಾ ಉರೀತೈತಿ, ಅಲ್ಲೇನ್ರಿ? ಗಂಗಾವತಿ ಪ್ರಾಣೇಶ್ ಅವ್ರೂ ಇದೇ ಭಾಷಾದಾಗ ಮಾತಾಡಿ ರಾಜ್ಯಾನೆಲ್ಲಾ ನಗಿಸ್ಯಾರ. 1997ರಾಗ ಕೊಪ್ಪಳ ಬ್ಯಾರೆ ಜಿಲ್ಲಾ ಆಗೂತನಕಾ ಗಂಗಾವತಿ ನಮ್ಮ ರಾಯಚೂರ ಜಿಲ್ಲಾದಾಗೇ ಇತ್ತು, ಹಂಗಾಗಿ ಅವ್ರು ನಮ್ಮವ್ರೇ. ಅವ್ರು ಮಾತಾಡಿದಾಗ ಉರಿಯಂಗಿಲ್ಲ. ಯಾಕಂದ್ರ ಮಾತು ನಮ್ಮೊಳಗಿಂದ ಬಂದಿರ್ತೈತಿ. ನಮ್ಮ ಮಾತನ್ನ ಹೊರಗಿನವ್ರು ಆಡಿಕೊಂಡ್ರ ಹೆಂಗ ಚುಚ್ಚತೈತಿ ಅಂತ ಗೊತ್ತಿದ್ದ ನಾವೇ, ಮನಿ ಮಗಳನ್ನ ಹೊರಗಿನವ್ರ ಮುಂದ ಆಡಿಕೊಂಡ್ವಿ.

ಹೆಂಡತಿ ಜೋಕು ಮಾತ್ರ ಎಲ್ಲಾ ಕಡೀನೂ ಐತಿ, ಬೆಂಗಳೂರಾದ್ರೇನು, ನಮ್ಮ ಕಡಿ ಹಾಸ್ಯ ಭಾಷಣ ಆದ್ರೇನು. ಅದನ್ನ ನಿಲ್ಲಿಸೋದು ನನ್ನ ಕೈಯಾಗಿಲ್ಲ. ನನ್ನ ಕೈಯಾಗ ಇರೋದು ಒಂದೈತಿ. ನಗೋದು, ಇಲ್ಲಾ ನಗದೇ ಇರೋದು.

ಅದೇನು ಸಣ್ಣದಲ್ಲ. ಜೋಕ್ ಮಾಡಾಂವಗ ಕೂಲಿ ಅಂದ್ರ ನಗಿ. ಕೂಲಿ ಸಿಗಲಿಲ್ಲಂದ್ರ ಎರಡನೇ ಸಲ ಆ ಕೆಲಸಕ್ಕ ಬರಂಗಿಲ್ಲ. ಮನ್ಯಾಗ ಹಿರೇ ಹೆಂಗಸು ನಗಲಿಲ್ಲಂದ್ರ ಆ ಮಾತು ಅಲ್ಲೇ ನೆಲಕ್ಕ ಬೀಳ್ತೈತಿ. ಆವತ್ತು ಮಾನ್ವಿಯೊಳಗ ಅಂಥಾ ಹಿರೇ ಹೆಂಗಸು ನಾನೇ ಇದ್ದೆ. ಗಂಡಿನ ಕಡಿಗೂ ಬೇಕಾದಾಕಿ, ಹೆಣ್ಣಿನ ಕಡಿಗೂ ಬೇಕಾದಾಕಿ. "ಅಣ್ಣಾ, ಹಂಗ ಅನಬ್ಯಾಡ, ನಮ್ಮ ಹುಡುಗಿ ಕೈಯಾಗಿನ ಶರಬತ್ ಕುಡದು ಮಾತಾಡು" ಅಂತ ಒಂದು ಮಾತು ಅಂದಿದ್ರ ಸಾಕಾಗಿತ್ತು. ಸಂಬಂಧ ಕೂಡತಿತ್ತೋ ಇಲ್ಲೋ, ಹುಡುಗಿಗೆ ತನ್ನ ಕಡಿ ಒಬ್ಬರು ಅದಾರ ಅಂತ ಗೊತ್ತಾಗತಿತ್ತು.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹೋದದ್ದು ತರಾಕ ಬರಂಗಿಲ್ಲ. ಆವತ್ತು ರಾತ್ರಿ ಹಾಸಿಗಿ ಹಾಸೂಮುಂದ ಆಕೀಗೆ ಅಂದೆ: "ತಪ್ಪಾತವ್ವಾ. ನಗಬಾರದಿತ್ತು." ಆಕೀ, "ಇರ್ಲಿ ಬಿಡತ್ತಿ, ಯಾವ ಕಾಲದ್ದು" ಅಂದ್ಲು. ಒಂದೀಟು ಹೊತ್ತು ಬಿಟ್ಟು ಕೂಸಿಗೆ ಚಾದರ ಹೊಚ್ಚಿಕೋಂತ ಮತ್ತ ಅಂದ್ಲು: "ಇದರ ಮುಂದ ಮಾತ್ರ ಯಾರನ್ನೂ ಅನ್ನಾಕ ಬಿಡಬ್ಯಾಡ." ಕೂಸು ಅವರಪ್ಪನಂಗ ಕಪ್ಪೈತಿ. ಈಗಾಗ್ಲೇ ಒಬ್ಬಿಬ್ಬರು ಶುರು ಹಚ್ಯಾರಂತ.

ಹಿಂಗಾಗಿ ನಮ್ಮನ್ಯಾಗ ಈಗೊಂದು ನೇಮ ಮಾಡೀವಿ. ನಗಸಬೇಕಂದ್ರ ಮೊದ್ಲು ತನ್ನ ಮ್ಯಾಲ ತಾನು ನಗಸಬೇಕು. ನಮ್ಮನಿಯವ್ರಿಗೆ ಮೊದ್ಲಿಗೆ ಭಾಳ ಕಷ್ಟ ಆತು, ತಮ್ಮ ಬೋಳುತಲಿ ಬಿಟ್ರ ಬ್ಯಾರೆ ವಿಷಯಾನೇ ಸಿಗಲಿಲ್ಲ. ಈಗ ಅದರ ಮ್ಯಾಲೇ ದಿನಾ ಒಂದು ಹೊಸಾದು ತರ್ತಾರ, ಕೂಸು ಬಿದ್ದು ಬಿದ್ದು ನಗತೈತಿ. ಹಳೇ 'ಮಜಾ ಟಾಕೀಸ್' ನೋಡೋದೂ ಬಿಟ್ಟಿಲ್ಲ. ವರಲಕ್ಷ್ಮಿ ಬಂದ್ರ ಸೊಸಿ ದನಿ ಜೋರು ಮಾಡ್ತಾಳ.

ನಿಮ್ಮನಿಗೆ ಮುಂದಿನ ಸಲ ಬೀಗರು ಬಂದಾಗ, ಯಾರರ ಮನಿ ಹುಡುಗಿ ಮ್ಯಾಲ, ಸೊಸಿ ಮ್ಯಾಲ ಒಂದು ಮಾತು ಒಗದ್ರ, ಅಕ್ಕಾರ, ಜಗಳಾ ಏನೂ ಮಾಡಬ್ಯಾಡ್ರಿ. ನಗಬ್ಯಾಡ್ರಿ, ಅಷ್ಟೇ. ನಗೋದಕ್ಕ ಮೊದ್ಲು ಒಂದು ಸಲ ತಾಟು ಹಿಡದು ನಿಂತಾಕೀ ಮಾರಿ ನೋಡ್ರಿ.