ವಿಳಾಸದ ಪುಸ್ತಕ ಯಾರ ಕೈಯಲ್ಲಿ?

ಮಸ್ಕತ್ತಿನಲ್ಲೋ ದುಬೈಯಲ್ಲೋ ದುಡಿಯುವ ಮಗ ಬ್ಯಾಂಕಿನ ಮೂಲಕ ಮನೆಗೆ ಹಣ ಕಳಿಸಹೊರಟರೆ ಅಲ್ಲಿಯವರು ಇಲ್ಲಿನ ಬ್ಯಾಂಕಿನ 'ಸ್ವಿಫ್ಟ್' ಸಂಕೇತ ಕೇಳುತ್ತಾರೆ. ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವುದು ಐಎಫ್‌ಎಸ್‌ಸಿ. ಅದು ದೇಶದೊಳಗಿನ ಹಣಕ್ಕೆ ಮಾತ್ರ. ಒಂದರ ಬದಲು ಇನ್ನೊಂದನ್ನು ಬರೆದು ಕಳಿಸಿ ದಿನಗಟ್ಟಲೆ ಕಾಯುವುದು ದುಡಿಯುವ ಮನೆಗಳಿಗೆ ಹೊಸತಲ್ಲ.

ಇದರಲ್ಲಿ ಮಂತ್ರವೇನೂ ಇಲ್ಲ. ಎಂಟು ಅಕ್ಷರ: ಮೊದಲ ನಾಲ್ಕು ಬ್ಯಾಂಕಿನವು, ಮುಂದಿನೆರಡು ದೇಶದವು, ಕೊನೆಯೆರಡು ಸ್ಥಳದವು. ಸ್ಟೇಟ್ ಬ್ಯಾಂಕಿಗೆ ಎಸ್‌ಬಿಐಎನ್, ಭಾರತಕ್ಕೆ ಐಎನ್, ಮುಂಬಯಿಗೆ ಬಿಬಿ. ಶಾಖೆಯನ್ನು ಹೇಳಬೇಕಾದರೆ ಇನ್ನೂ ಮೂರು. ಸಣ್ಣ ಶಾಖೆಗಳಿಗೆ ಬಹುಮಟ್ಟಿಗೆ ಸ್ವಂತ ಸಂಕೇತವಿಲ್ಲ, ದೊಡ್ಡ ಶಾಖೆಯದನ್ನೇ ಬಳಸಬೇಕು.

ಈ ದಾರಿಯಲ್ಲಿ ಹಣ ಹೋಗುವುದಿಲ್ಲ, ಕಾಗದ ಹೋಗುತ್ತದೆ. ಹುಂಡಿ ಬಲ್ಲ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಬ್ಯಾಂಕುಗಳಿಗೆ ಪರಸ್ಪರ ಖಾತೆ ಇಲ್ಲದಿದ್ದರೆ ಮೂರನೆಯದೊಂದು ನಡುವೆ ನಿಂತು ತನ್ನ ಕಮಿಷನ್ ಮುರಿದುಕೊಳ್ಳುತ್ತದೆ. ಕಳಿಸಿದ್ದು ಅಷ್ಟೂ ಕೈಸೇರದಿರಲು ಇದೂ ಒಂದು ಕಾರಣ.

ಇದರ ಒಡೆಯರು ಯಾರು? 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಂನಲ್ಲಿ ಕಟ್ಟಿದ ಸಂಸ್ಥೆ ಇದು. ಕಾನೂನಿನ ಪ್ರಕಾರ ಸಹಕಾರ ಸಂಘವಂತೆ! ನಮ್ಮ ಸೊಸೈಟಿಯಲ್ಲಿ ಹತ್ತು ರೂಪಾಯಿ ಷೇರಿನವನಿಗೂ ಸಾವಿರದವನಿಗೂ ಒಂದೇ ಮತ. ಅಲ್ಲಿ ಹೆಚ್ಚು ವ್ಯವಹಾರದ ಬ್ಯಾಂಕಿಗೆ ಹೆಚ್ಚು ಷೇರು, ಹೆಚ್ಚು ಷೇರಿನ ದೇಶಕ್ಕೆ ಆಡಳಿತ ಮಂಡಲಿಯಲ್ಲಿ ಹೆಚ್ಚು ಸ್ಥಾನ.

ಸಂಕೇತವೆಂದರೆ ವಿಳಾಸ, ಸರಿ. ವಿಳಾಸದ ಪುಸ್ತಕ ಇಟ್ಟುಕೊಂಡವನು ಹೆಸರು ಹೊಡೆದುಹಾಕಲೂ ಬಲ್ಲ. ಯುರೋಪ್ ಒಕ್ಕೂಟದ ಆಜ್ಞೆಯಂತೆ 2012ರಲ್ಲಿ ಇರಾನಿನ ಬ್ಯಾಂಕುಗಳನ್ನು ಹೊರಗಟ್ಟಿದರು. ಇರಾನಿನೊಡನೆ ವ್ಯಾಪಾರ ಮಾಡುವ ನಮ್ಮವರು ಆಗ ಯೂಕೋ ಬ್ಯಾಂಕಿನ ಮೂಲಕ ರೂಪಾಯಿಯಲ್ಲಿ ಲೆಕ್ಕ ತೀರಿಸಿಕೊಳ್ಳಬೇಕಾಯಿತು. 2022ರ ಮಾರ್ಚಿನಲ್ಲಿ ರಷ್ಯದ ಏಳು ಬ್ಯಾಂಕುಗಳ ಸರದಿ. ಯುಕ್ರೇನಿನ ಮೇಲೆ ದಂಡೆತ್ತಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ಕಾಗದ ನಿಲ್ಲಬೇಕು, ಯಾರದು ನಡೆಯಬೇಕು ಎಂದು ನಿರ್ಧರಿಸುವಾಗ ನಮ್ಮಂಥ ದೇಶಗಳನ್ನು ಕೇಳಿದವರಾರು? ಇಂದು ಅವರ ಮನೆ, ನಾಳೆ ಯಾರದೋ.

ದೆಹಲಿಯವರು ಈ ಪ್ರಶ್ನೆಯನ್ನು ದೊಡ್ಡ ಸಭೆಗಳಲ್ಲಿ ಎತ್ತಲಿ. ಅಷ್ಟರಲ್ಲಿ ನಮ್ಮ ಊರಿನ ಬ್ಯಾಂಕುಗಳು ನಾಳೆಯೇ ಒಂದು ಕೆಲಸ ಮಾಡಬಹುದು: ಯಾವ ಸ್ವಿಫ್ಟ್ ಸಂಕೇತ ಬಳಸಬೇಕು, ತಾವು ಎಷ್ಟು ಮುರಿದುಕೊಳ್ಳುತ್ತೇವೆ ಎಂಬುದನ್ನು ಕನ್ನಡದಲ್ಲಿ ಬರೆಸಿ ಬಾಗಿಲ ಬಳಿ ಹಲಗೆ ತೂಗುಹಾಕಲಿ.